ಅಗಳಿ ಇಲ್ಲದ ಕೇರಿ

ನಮ್ಮೂರಿಗೆ ಇರುವುದು ಒಂದೇ ಬೀದಿ. ಬಡಗಲ ತುದಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ತೆಂಕಲ ತುದಿ ಮುಟ್ಟುವಷ್ಟರಲ್ಲಿ ಮೂರು ದಿನವಾಗುತ್ತದೆ. ನಡುಬೀದಿಯಲ್ಲಿ ಬಿಸಿಲಿದೆ, ಜೋಳದ ರೊಟ್ಟಿ ಬಡಿಯುವ ಸದ್ದಿದೆ, ಜನ ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಆರಾಮಾಗಿ ತಿರುಗುತ್ತಾರೆ. ಎರಡು ತುದಿಗಳಲ್ಲಿ ಮಾತ್ರ ವರ್ಷವಿಡೀ ಮಂಜುಗಡ್ಡೆ. ನಡುಬೀದಿಯ ಕಂಬಳಿ ವ್ಯಾಪಾರಿ ಮುರಿಗೆಪ್ಪ ಎರಡು ಕಡೆಗೂ ಒಂದೇ ಕಂಬಳಿ ಮಾರುತ್ತಾನೆ. ಕೇಳಿದರೆ, "ಎರಡೂ ಕಡೆ ಥಂಡಿನ ಅಲ್ಲೇನ್ರಿ? ಥಂಡಿ ಒಳಗ ಮತ್ತ ಎಂಥಾ ಭೇದ?" ಅನ್ನುತ್ತಾನೆ. ಇಪ್ಪತ್ತಾರನೆಯ ವಯಸ್ಸಿನವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಆ ತಿಳಿವಳಿಕೆಯಿಂದ ನನ್ನ ಅತ್ತೆಯ ಕಾಲು ಮುರಿಯಿತು.

ನನ್ನ ಹೆಸರು ಸೋಮನಿಂಗ. ತೆಂಕಲ ದಿನ್ನೆಯವನು. ದಿನ್ನೆಯವನು ಅನ್ನುವುದೂ ಪೂರ್ತಿ ಸರಿಯಲ್ಲ, ಯಾಕೆಂದರೆ ಅಲ್ಲಿ ಯಾರಿಗೂ ಮನೆಯಿಲ್ಲ. ಅಲ್ಲಿ ಯಾರೂ ಹುಟ್ಟಿದ್ದಿಲ್ಲ, ಯಾರ ಮದುವೆಯೂ ಆದದ್ದಿಲ್ಲ. ದಿನ್ನೆಯ ಮನೆತನಗಳ ಗಂಡಸರು ನಾಲ್ಕು ನಾಲ್ಕು ಜನರಂತೆ ಪಾಳಿಯ ಮೇಲೆ ಹೋಗುತ್ತೇವೆ, ಆರು ತಿಂಗಳು ಶೆಡ್ಡಿನಲ್ಲಿದ್ದು ಗೂಟ ಹಗ್ಗ ನೋಡಿಕೊಂಡು ಇಳಿದು ಬರುತ್ತೇವೆ. ಉಳಿದ ಆರು ತಿಂಗಳು ನಡುಬೀದಿಯ ಛತ್ರದಲ್ಲಿ ವಾಸ. ಮದುವೆಯಾದರೆ ಹೆಂಡತಿಯ ಮನೆಯೇ ನಮ್ಮ ಮನೆ. ದಿನ್ನೆಯ ಗಂಡಸರೆಲ್ಲ ಮನೆ ಅಳಿಯಂದಿರೇ. ಅದನ್ನು ಹಿಡಿದು ಊರವರು ಚೇಷ್ಟೆ ಮಾಡುವುದೂ, ನಾವು ನಕ್ಕು ಸುಮ್ಮನಾಗುವುದೂ ಮೊದಲಿನಿಂದ ನಡೆದು ಬಂದಿದೆ.

ತೆಂಕಲಲ್ಲಿ ನಡುವೆ ನೆಲ, ಸುತ್ತ ನೀರು. ಆ ನೆಲ ಎತ್ತರದ ಕಲ್ಲುದಿನ್ನೆ, ಅದರ ಮೇಲೆ ಮಂಜುಗಡ್ಡೆ ಕೂತಿದೆ. ನಲವತ್ತು ಆಳುದ್ದ ತೋಡಿದರೂ ಕೆಳಗೆ ಗಡ್ಡೆಯೇ ಸಿಗುತ್ತದೆ. ಕೂತ ಗಡ್ಡೆ ಅದು, ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ನನ್ನ ಮುತ್ತಜ್ಜ ನೆಟ್ಟ ಗೂಟ ನನ್ನ ಅಪ್ಪನ ಕಾಲಕ್ಕೂ ಅಲ್ಲೇ ಇತ್ತು, ನನ್ನ ಕಾಲಕ್ಕೂ ಅಲ್ಲೇ ಇತ್ತು. ಅಲ್ಲಿ ಕೈ ಕೊಡುವುದು ಗಾಳಿ. ದಿನ್ನೆಯ ನೆತ್ತಿಯಿಂದ ಅದು ಇಳಿಯತೊಡಗಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಅದಕ್ಕೇ ಶೆಡ್ಡಿನಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಪಾಯಖಾನೆಗೆ ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದಿರುತ್ತದೆ. ಹಗ್ಗದ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ನಡೆದರಾಯಿತು. ಗಾಳಿ ಎದ್ದಾಗ ಒಳಗಿನ ನಾಲ್ಕು ತಲೆ ಎಣಿಸಿ ಬಾಗಿಲಿಗೆ ಅಗಳಿ ಹಾಕುತ್ತೇವೆ. ಆಮೇಲೆ ಬಾಗಿಲು ಧಬಧಬ ಬಡಿದರೂ ತೆಗೆಯುವುದಿಲ್ಲ. ಇರುವ ನಾಲ್ವರೂ ಒಳಗಿದ್ದೇವೆ, ಹೊರಗಿನಿಂದ ಬಡಿಯುವುದು ಗಾಳಿಯಲ್ಲದೆ ಮತ್ತಾರು? ಅಲ್ಲಿ ಹೆದರಬೇಕಾದ ಪ್ರಾಣಿಯೂ ಇಲ್ಲ. ಮೊಳಕಾಲೆತ್ತರದ ಕಪ್ಪು ಬಿಳುಪಿನ ಹಕ್ಕಿಗಳಿವೆ, ಅವಕ್ಕೆ ಹಾರಲು ಬಾರದು. ನಾವು ಗೂಟಕ್ಕೆ ಎಣ್ಣೆ ಸವರುತ್ತಿದ್ದರೆ ರೇಶನ್ ಅಂಗಡಿಯ ಮುಂದೆ ನಿಂತಂತೆ ಸಾಲಾಗಿ ನಿಂತು ನೋಡುತ್ತವೆ.

ಬಡಗಲಕೇರಿಯ ಚಂಪವ್ವನನ್ನು ನಾನು ಕಂಡದ್ದು ಕಂದೀಲು ಸಾಗಿಸುವ ಹೊತ್ತಿನಲ್ಲಿ. ಬಡಗಲಲ್ಲಿ ಆರು ತಿಂಗಳು ಬೆಳಕಿದ್ದಾಗ ತೆಂಕಲಲ್ಲಿ ಆರು ತಿಂಗಳು ಕತ್ತಲೆ. ಇವರಿಗೆ ಕತ್ತಲೆಯಾದಾಗ ಅವರಿಗೆ ಬೆಳಕು. ಎರಡೂ ಕಡೆ ಒಮ್ಮೆಲೇ ಕತ್ತಲೆ ಆಗದ ಮೇಲೆ ಎರಡು ಕಡೆಗೂ ಬೇರೆ ಬೇರೆ ದೀಪ ಯಾಕೆ ಎಂದು ಹಿರಿಯರು ಊರಿಗೆಲ್ಲ ಒಂದೇ ಸೆಟ್ಟು ಕಂದೀಲು ಮಾಡಿಸಿಟ್ಟಿದ್ದಾರೆ. ವರ್ಷಕ್ಕೆ ಎರಡು ಸಲ ಅವು ಚಕ್ಕಡಿಯಲ್ಲಿ ಬೀದಿಯುದ್ದ ಸಾಗುತ್ತವೆ. ಒಂದು ಕೇರಿಯವರು ನಡುಬೀದಿಯವರೆಗೆ ತಂದು ಗಾಜು ಒರೆಸಿ ಕೊಡುತ್ತಾರೆ, ಇನ್ನೊಂದು ಕಡೆಯವರು ನೋಡಿ ತೆಗೆದುಕೊಳ್ಳುತ್ತಾರೆ. ಚಂಪವ್ವ ಒರೆಸಿ ಕೊಟ್ಟ ಗಾಜಿನಲ್ಲಿ ನಾನು ಮಸಿ ಇದೆ ಅಂದೆ. ಅವಳು ನನ್ನ ಬೆರಳನ್ನೇ ಹಿಡಿದು ತಿರುಗಿಸಿ ತೋರಿಸಿದಳು. ಮಸಿ ಇದ್ದದ್ದು ನನ್ನ ಬೆರಳಿನಲ್ಲಿ. ಮುಂದಿನ ಕಂದೀಲಿನ ಹೊತ್ತಿಗೆ ನಮ್ಮ ಮದುವೆಯಾಯಿತು.

ಹೊರಡುವಾಗ ಅಪ್ಪ ನನಗೆ ಕೊಟ್ಟದ್ದು ಅವನ ಶೆಡ್ಡಿನ ಹಳೆಯ ಅಗಳಿ. ಒಂದು ಮಾರು ಉದ್ದದ ಸಾಗವಾನಿ ಮರ, ನಲವತ್ತು ವರ್ಷ ಕೈ ಆಡಿ ಆಡಿ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು. "ಮನಿ ಕಟ್ಟಿಸಿಕೊಡಾಕ ನನ್ನ ಕಡೆ ಆಗಲಿಲ್ಲ. ಬಾಗಲಾ ಗಟ್ಟಿ ಇರಲಿ," ಅಂದ. ದಿನ್ನೆಯ ಪಾಳಿ ಬಿಟ್ಟು, ಅದರ ತುದಿಗೆ ಹಾಸಿಗೆಯ ಗಂಟು ಕಟ್ಟಿ ಹೆಗಲ ಮೇಲಿಟ್ಟುಕೊಂಡು ಬಡಗಲಕೇರಿಗೆ ಬಂದೆ.

ಬಡಗಲಲ್ಲಿ ಎಲ್ಲ ತಿರುವುಮುರುವು. ಅಲ್ಲಿ ನಡುವೆ ನೀರು, ಸುತ್ತ ನೆಲ. ದೊಡ್ಡ ಕೆರೆ, ಅದರ ಮೇಲೆ ಗಡ್ಡೆ ತೇಲುತ್ತದೆ. ದಪ್ಪ ಅಂದರೆ ಎರಡಾಳುದ್ದ, ತೆಳು ಅಂದರೆ ಒಂದು ಗೇಣು. ತೇಲುವ ಗಡ್ಡೆಯ ಮೇಲೆ ಇಪ್ಪತ್ಮೂರು ಮರದ ಮನೆಗಳು, ಮನೆಗಳಲ್ಲಿ ತೊಟ್ಟಿಲು, ಕುಟ್ಟಾಣಿ, ಜಗಳ, ಬಾಣಂತನ, ಎಲ್ಲ. ಅಲ್ಲಿಯವರು ಅಲ್ಲೇ ಹುಟ್ಟುತ್ತಾರೆ. ದಿನ್ನೆಗಿಂತ ಬಹಳ ಬೆಚ್ಚಗೆ. ಅದೇ ಕಂಬಳಿ ಹೊದ್ದು ನಾನು ಮೊದಲ ದಿನವೇ ಬೆವರಿದೆ. "ಕೆಳಗ ನೀರೈತಲ್ಲ. ನೀರು ಬಸರಿ ಹೆಂಗಸು ಇದ್ದಂಗ, ಒಳಗಿಂದ ಬೆಚ್ಚಗಿರ್ತಾಳ. ನಿಮ್ಮ ಕಲ್ಲಿಗೆ ಏನೈತಿ?" ಅಂದಳು ಅತ್ತೆ.

ಅತ್ತೆಯ ಹೆಸರು ಬಾಳವ್ವ. ಗಿಡ್ಡನೆಯ ಹೆಂಗಸು, ಮೀನಿನ ಎಣ್ಣೆಯ ವಾಸನೆ, ಮಾತು ನೆಟ್ಟಗೆ. ಅಳಿಯನಿಗೆ ಬಹುವಚನ ಕೊಡುವುದು ಅವಳಿಂದ ಆಗಲಿಲ್ಲ. "ಬಹುವಚನಾ ದಡದ ಮ್ಯಾಲಿನ ಮಂದಿಗೆ. ಗಡ್ಡಿ ಮ್ಯಾಲೆ ಅವಸರದಾಗ ಕೂಗಬೇಕಾಗ್ತೈತಿ, ಹೆಸರು ಸಣ್ಣದಿರಬೇಕು. ನಿನಗ ಸೋಮಾ ಅಂತೀನಿ," ಎಂದು ಮೊದಲ ಊಟಕ್ಕೇ ಹೇಳಿಬಿಟ್ಟಳು. ಅವಳು ಕೇರಿಯ ಹಾದಿಯವಳು. ಗಡ್ಡೆ ತೇಲುವುದರಿಂದ ನಿನ್ನೆ ಗಟ್ಟಿಯಿದ್ದ ಜಾಗ ಇವತ್ತು ಬಿರುಕು, ನಿನ್ನೆ ನೀರಿದ್ದ ಜಾಗ ಇವತ್ತು ಗಟ್ಟಿ. ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಿದಿರು ಕೋಲಿನಿಂದ ಗಡ್ಡೆಯನ್ನು ಕುಟ್ಟಿ ಸದ್ದು ಕೇಳುತ್ತಾ, ಮನೆಯಿಂದ ಮನೆಗೆ, ಕೊನೆಗೆ ದಡಕ್ಕೆ, ಆವತ್ತಿನ ಹಾದಿಯನ್ನು ಒಲೆಯ ಬೂದಿಯಿಂದ ಗೆರೆ ಎಳೆಯುವುದು ಅವಳ ಕೆಲಸ. ಗೆರೆಯ ಮೇಲೆ ನಡೆದರೆ ಬದುಕು. ಹಾದಿಯವಳು ಮೂರು ದಿನಕ್ಕಿಂತ ಹೆಚ್ಚು ಇಲ್ಲದಿದ್ದರೆ ಕೇರಿ ಖಾಲಿ ಮಾಡಿ ದಡ ಹತ್ತಬೇಕು. ಅದು ಅಲ್ಲಿಯ ಕಟ್ಟಳೆ.

ಇನ್ನೊಂದು ಕಟ್ಟಳೆಯನ್ನು ಅವಳು ನನ್ನ ಅಗಳಿ ಕಂಡ ಕೂಡಲೇ ಹೇಳಿದಳು. "ಏನದು?"

"ಅಗಳಿ. ಅಪ್ಪ ಕೊಟ್ಟಾನ."

"ಮೂಲ್ಯಾಗ ಇಡು. ಇಲ್ಲೆ ಯಾರೂ ಬಾಗಲಾ ಹಾಕೂದಿಲ್ಲ. ಬಿಳಿ ಕರಡಿ ಬರ್ತೈತಿ. ಅದು ಬೆನ್ನು ಹತ್ತಿದಾಗ ಯಾವ ಬಾಗಲಾ ಹತ್ತಿರ ಐತೋ ಅದನ್ನ ದೂಡಿಕೊಂಡು ಒಳಗ ಹೋಗಬೇಕು. ಆ ಹೊತ್ತಿಗೆ ಅದು ನಮ್ಮನಿ, ಇದು ನಿಮ್ಮನಿ ಅಂತ ಇಲ್ಲ. ಅಗಳಿ ಹಾಕಿದವರು ಗಡ್ಡಿ ಇಳೀಬೇಕು. ಆಮ್ಯಾಲೆ ಹೊಳ್ಳಿ ಬರೂ ಹಂಗಿಲ್ಲ." ಪಕ್ಕದ ಮನೆಯ ತಿಪ್ಪಣ್ಣನ ಅಣ್ಣ ಹಾಗೆ ಇಳಿದವನಂತೆ. ಒಂದೇ ಒಂದು ರಾತ್ರಿ ಹೊಸ ಹೆಂಡತಿಯ ನಾಚಿಕೆಗಾಗಿ ಚಿಲಕ ಹಾಕಿದ್ದ, ಹೊರಗೆ ಯಾರಿಗೋ ಗಾಯವಾಯಿತು. ಈಗಲೂ ಸಂಜೆ ಹೊತ್ತು ದಡದ ಮೇಲೆ ಬಂದು ನಿಂತು ಮನೆಗಳನ್ನು ನೋಡಿ ಹೋಗುತ್ತಾನೆ ಅಂದಳು. ನಾನು ತಲೆಯಾಡಿಸಿದೆ. ತಲೆ ಕಲಿಯಿತು. ಕೈ ಕಲಿಯಲಿಲ್ಲ.

ಮೊದಲ ಎರಡು ತಿಂಗಳು ನಾನು ನಗೆಪಾಟಲಾದದ್ದಕ್ಕೆ ಲೆಕ್ಕವಿಲ್ಲ. ಛಾವಣಿಯಿಂದ ಒಂದು ಹನಿ ತೊಟ್ಟಿಕ್ಕಿದರೂ ಎದ್ದು ಕೂರುತ್ತಿದ್ದೆ. ದಿನ್ನೆಯಲ್ಲಿ ಗಡ್ಡೆ ಕರಗಿದರೆ ನೀರು ಇಳಿದು ಹೋಗಿ ಸುತ್ತಲಿನ ನೀರು ಏರುತ್ತದೆ, ದೋಣಿ ಕಟ್ಟುವ ಕಲ್ಲು ಮುಳುಗುತ್ತದೆ, ಅದು ಅಪಶಕುನ. ಒಂದು ದಿನ ಅತ್ತೆ ಬೇಸತ್ತು ಚೊಂಬಿನಲ್ಲಿ ಗಡ್ಡೆಯ ತುಂಡು ಹಾಕಿ ಕಂಠಮಟ್ಟ ನೀರು ತುಂಬಿ ನನ್ನ ಮುಂದಿಟ್ಟಳು. "ಕಾಯಕೋತ ಕುಂದರು. ಚೆಲ್ಲಿದರ ನನ್ನ ಕರಿ." ಗಡ್ಡೆ ಪೂರ್ತಿ ಕರಗಿತು. ಒಂದು ಹನಿಯೂ ಚೆಲ್ಲಲಿಲ್ಲ. "ತೇಲೂದು ಮೊದಲ ತನ್ನ ಜಾಗಾ ಹಿಡಕೊಂಡಿರತೈತಿ. ಕರಗಿದರ ಅದ ಜಾಗದಾಗ ಕರಗತೈತಿ. ನಿಮ್ಮದು ಮ್ಯಾಲೆ ಕುಂತದ್ದು, ಇಳಿದು ಬಂದರ ಚೆಲ್ಲತೈತಿ. ಎರಡೂ ಒಂದ ಅಂತ ಯಾರು ಹೇಳಿದರು ನಿನಗ?" ಮುರಿಗೆಪ್ಪನ ಹೆಸರು ಹೇಳಲು ನಾಚಿಕೆಯಾಗಿ ನೀರು ಕುಡಿದುಬಿಟ್ಟೆ.

ಆಮೇಲೆ ಬಡಗಲ ಕತ್ತಲೆ ಮುಗಿದು ಬೆಳಕು ಬರುವ ವಾರ ಬಂತು. ಕಂದೀಲುಗಳ ಚಕ್ಕಡಿಯ ಜೊತೆ ಚಂಪವ್ವ ನಡುಬೀದಿಗೆ ಹೋಗಿದ್ದಳು. ಆಗ ಅವಳಿಗೆ ನಾಲ್ಕು ತಿಂಗಳು. ಬೇಡ ಅಂದರೆ ಕೇಳಲಿಲ್ಲ, ಗಾಜು ಒರೆಸುವುದರಲ್ಲಿ ತನ್ನಷ್ಟು ಚೊಕ್ಕ ಯಾರೂ ಇಲ್ಲವೆಂದು ಅವಳ ಅಭಿಪ್ರಾಯ. ಬೆಳಗಿನ ಹೊತ್ತು ಅತ್ತೆ ಹಾದಿ ನೋಡಲು ಹೋದಳು. ನಾನು ಇನ್ನೂ ಕಂಬಳಿಯೊಳಗಿದ್ದೆ. ಅಷ್ಟರಲ್ಲಿ ಗಾಳಿ ಎದ್ದಿತು. ಆ ಕೇರಿಯಲ್ಲಿ ಅಷ್ಟು ಗಾಳಿ ನಾನು ಕೇಳಿರಲಿಲ್ಲ. ಅರೆನಿದ್ದೆಯಲ್ಲಿ ನನ್ನ ಕಿವಿಗೆ ಅದು ದಿನ್ನೆಯ ಗಾಳಿಯೇ ಆಯಿತು. ಎದ್ದೆ, ಮೂಲೆಯ ಅಗಳಿ ತೆಗೆದೆ, ಬಾಗಿಲ ಎರಡು ಬದಿಯಲ್ಲಿ ಬಲೆ ತೂಗುಹಾಕಲು ಬಡಿದಿದ್ದ ಕಬ್ಬಿಣದ ಕೊಂಡಿಗಳಲ್ಲಿ ಅದನ್ನು ತೂರಿಸಿದೆ. ಅಳತೆ ಮಾಡಿ ಮಾಡಿಸಿದಂತೆ ಕೂತಿತು. ಹೋಗಿ ಮಲಗಿದೆ. ಇದಿಷ್ಟನ್ನೂ ಮಾಡಿದ್ದು ಕೈ. ಹಾಗೆ ಹೇಳಿ ತಪ್ಪಿಸಿಕೊಳ್ಳುತ್ತಿಲ್ಲ, ಕೈಯೂ ನನ್ನದೇ.

ಬಾಗಿಲು ಧಬಧಬ ಬಡಿಯಿತು. ಗಾಳಿ, ಅಂದುಕೊಂಡೆ. ಮತ್ತೆ ಬಡಿಯಿತು. ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡೆ. ಮೂರನೆಯ ಸಲ ಬಾಗಿಲಿನ ಸದ್ದಿನ ಜೊತೆ "ಸೋಮಾ" ಎಂಬ ಕೂಗು ಬಂತು. ಗಾಳಿಗೆ ನನ್ನ ಹೆಸರು ಹೇಗೆ ಗೊತ್ತು ಎಂದು ಒಂದು ಕ್ಷಣ ಯೋಚಿಸಿದೆ, ದೇವರಾಣೆಗೂ ಯೋಚಿಸಿದೆ. ಆಮೇಲೆ ಎಲ್ಲಿದ್ದೇನೆ ಎಂದು ನೆನಪಾಯಿತು. ಹಾರಿ ಬಂದು ಅಗಳಿ ಕಿತ್ತು ಎಸೆದೆ. ಅದು ನೆಲಕ್ಕೆ ಬಿದ್ದು ಎರಡು ಸಲ ಪುಟಿಯಿತು.

ಬಾಗಿಲು ತೆಗೆದಾಗ ಹೊಸ್ತಿಲಲ್ಲಿ ಅತ್ತೆ ಇರಲಿಲ್ಲ. ತಿಪ್ಪಣ್ಣನ ಮನೆಯ ಕಡೆಗೆ ಓಡುತ್ತಿದ್ದಳು, ಹಿಂದೆ ಕರಡಿ. ಅದಕ್ಕೂ ಅವಳಿಗೂ ನಡುವೆ ಹತ್ತು ಮಾರು ಇರಲಿಲ್ಲ. ಬೂದಿಯ ಗೆರೆ ಇನ್ನೂ ಎಳೆಯದ ಜಾಗ ಅದು. ಕಾಲು ಬಿರುಕಿನಲ್ಲಿ ಸಿಕ್ಕಿ ಅವಳು ಬಿದ್ದಳು. ಬಿದ್ದವಳು ತಿರುಗಿ ಕೈಯಲ್ಲಿದ್ದ ಬಿದಿರು ಕೋಲನ್ನು ಅದರ ಬಾಯಿಗೆ ಒಡ್ಡಿದಳು. ಕೋಲು ಕಬ್ಬಿನಂತೆ ಮುರಿಯಿತು. ಆ ಒಂದು ಗಳಿಗೆ ಸಾಕಾಯಿತು, ತಿಪ್ಪಣ್ಣ ತನ್ನ ತೆರೆದ ಬಾಗಿಲಿನಿಂದ ಬಗ್ಗಿ ಅವಳ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡ. ಅಷ್ಟರಲ್ಲಿ ಎಲ್ಲ ಮನೆಗಳಿಂದ ತಾಟು ಬಡಿಯುವ ಸದ್ದು ಎದ್ದಿತು. ಕರಡಿ ಒಮ್ಮೆ ಸುತ್ತ ನೋಡಿ, ಬೇಡವಾದ ಊಟ ಬಿಟ್ಟು ಎದ್ದವರ ಹಾಗೆ ನಿಧಾನ ಹೊರಟುಹೋಯಿತು.

ನಾನು ತಿಪ್ಪಣ್ಣನ ಮನೆಗೆ ಹೋಗುವಷ್ಟರಲ್ಲಿ ಹತ್ತಾರು ಜನ ಸೇರಿದ್ದರು. ಅತ್ತೆಯ ಬಲಗಾಲು ಮಂಡಿಯ ಕೆಳಗೆ ಹೊರಳಿತ್ತು. ಯಾರೋ ಕೇಳಿದರು, "ನಿಮ್ಮನಿ ಮುಂದ ಹಾದು ಬಂದಿ, ಬಾಳವ್ವಾ. ಅಲ್ಲೆ ಯಾಕ ಹೊಕ್ಕಲಿಲ್ಲ?"

ನನ್ನ ಕಾಲಕೆಳಗಿನ ಗಡ್ಡೆ ನೀರಾದಂತಾಯಿತು. ಚಂಪವ್ವನ ಮುಖ ಕಣ್ಣ ಮುಂದೆ ಬಂತು. ಗಡ್ಡೆ ಇಳಿಸಿದರೆ ನಾನು ಹೋಗುವುದೆಲ್ಲಿಗೆ? ಛತ್ರಕ್ಕೆ. ಹುಟ್ಟುವ ಕೂಸನ್ನು ದಡದ ಮೇಲೆ ನಿಂತು ನೋಡಿ ಹೋಗಬೇಕು. ಬಾಯಿ ತೆರೆದೆ, ಏನು ಹೇಳಲು ತೆರೆದೆನೋ ಈಗಲೂ ಗೊತ್ತಿಲ್ಲ.

"ಬಾಗಲಾ ಮಂಜಿಗೆ ಹಿಡಕೊಂಡಿತ್ತು," ಅಂದಳು ಅತ್ತೆ. ಹಲ್ಲು ಕಚ್ಚಿದ್ದರೂ ದನಿ ಸ್ಪಷ್ಟವಾಗಿತ್ತು. "ಅಳಿಯಾ ಒಳಗಿಂದ ಎಳದಾ ಎಳದಾ, ಬರಲಿಲ್ಲ. ಸೋಮಾ, ನೀರು ಕೊಡು."

ನೀರು ಕೊಟ್ಟೆ. ತಿಪ್ಪಣ್ಣ ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ, ಕಾಲಿಗೆ ಕಟ್ಟಲು ಹಲಗೆ ಹುಡುಕಲು ಎದ್ದುಹೋದ. ನಾನು ಬಾಯಿ ಮುಚ್ಚಿಕೊಂಡೆ. ಧೈರ್ಯವಿದ್ದವರು ಅಲ್ಲೇ ಹೇಳಿಬಿಡುತ್ತಿದ್ದರು. ನನಗೆ ಆ ಧೈರ್ಯ ಬರಲು ಹನ್ನೊಂದು ವರ್ಷ ಹಿಡಿಯಿತು.

ನಾಲ್ಕನೆಯ ದಿನ ಬೆಳಗ್ಗೆ ಅತ್ತೆ ನನ್ನನ್ನು ಎಬ್ಬಿಸಿದಳು. ಅವಳನ್ನು ಮನೆಗೆ ಹೊತ್ತು ತಂದ ತಿಪ್ಪಣ್ಣನನ್ನು ಬಿಟ್ಟರೆ ಮೂರು ದಿನ ಕೇರಿಯವರು ಯಾರೂ ಹೊಸ್ತಿಲು ದಾಟಿರಲಿಲ್ಲ. ಮನೆಯೊಳಗೇ ಗಡ್ಡೆಗೆ ತೂತು ಕೊರೆದು ಹಿಡಿದ ಮೀನು ತಿಂದುಕೊಂಡು ಕಾಯುತ್ತಿದ್ದರು. ನಾಲ್ಕನೆಯ ದಿನವೂ ಹಾದಿ ಬೀಳದಿದ್ದರೆ ದಡ ಹತ್ತಲೇಬೇಕು. "ಮೀನಿನ ಗಾಡಿ ತಾ," ಅಂದಳು. ಅದು ಜಾರುಗಾಡಿ, ಕೆಳಗೆ ಎರಡು ಪಟ್ಟಿ ಇರುವಂಥದು. ಎತ್ತಿ ಕೂರಿಸಿದೆ. ಕಂಬಳಿಯಡಿಯಿಂದ ಅವಳು ಒಂದು ಕೋಲು ತೆಗೆದು ನನ್ನ ಕೈಗೆ ಕೊಟ್ಟಳು. ನನ್ನ ಅಗಳಿ. ತಿಪ್ಪಣ್ಣನಿಂದ ತುದಿಗೆ ಒಂದು ಕಬ್ಬಿಣದ ಮೊನೆ ಹಾಕಿಸಿದ್ದಳು. "ಬಿದಿರು ಮುರೀತು. ಇದು ಮುರಿಯೂದಿಲ್ಲ. ಹೊಡಿ ಗಡ್ಡಿ ಮ್ಯಾಲೆ, ಏನಂತೈತಿ ಹೇಳು."

ಹೊಡೆದೆ. ಟಣ್ ಅಂದಿತು. ಇನ್ನೊಂದು ಕಡೆ ಹೊಡೆದೆ. ಅದೂ ನನಗೆ ಟಣ್ ಎಂದೇ ಕೇಳಿತು. "ಕಿವಿಯಾಗ ಗಾಳಿ ತುಂಬಿಕೊಂಡು ಬಂದೀ ನೀ. ಮತ್ತ ಹೊಡಿ," ಅಂದಳು. ಆವತ್ತು ಇಪ್ಪತ್ಮೂರು ಮನೆಗೆ ಹಾದಿ ಎಳೆಯಲು ಊಟದ ಹೊತ್ತಾಯಿತು. ಕುಟ್ಟಿದ್ದು ನಾನು, ಕೇಳಿದ್ದು ಅವಳು. ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲ. ಬಾಗಿಲ ಬಾಗಿಲಲ್ಲಿ ಹಿಡಿ ಹಿಡಿ ಬೂದಿ ಕೊಟ್ಟರು.

ದಿನ್ನೆಯ ಬುದ್ಧಿ ಸುಲಭಕ್ಕೆ ಬಿಡುವಂಥದಲ್ಲ. ನಿನ್ನೆಯ ಬೂದಿಗೆರೆ ಚೆನ್ನಾಗಿ ಕಾಣುತ್ತಿದ್ದರೆ ಅದರ ಮೇಲೆಯೇ ನಡೆಯಲು ನನ್ನ ಕಾಲು ಎಳೆಯುತ್ತಿತ್ತು. ಮುತ್ತಜ್ಜನ ಗೂಟ ನಂಬಿದ ಮೈ ಅದು. ಅತ್ತೆ ಕೆಲಸ ಶುರುವಾಗುವ ಮೊದಲೇ ನನ್ನ ಕೈಗೆ ಕಸಬರಿಗೆ ಕೊಡುತ್ತಿದ್ದಳು. "ಮೊದಲ ನಿನ್ನಿದು ಬಳಿ. ಆಮ್ಯಾಲೆ ಇವತ್ತಿಂದು." ಒಂದು ಸಲ ಗುಡಿಸುವುದು ಬಿಟ್ಟು ಹಳೆಯ ಗೆರೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟೆ, ಐದನೆಯದು ನೀರಿಗೆ ಹೋಯಿತು. ಎದೆಯವರೆಗೆ ಇಳಿದು ನಿಂತೆ. ಇನ್ನೂ ಕೆಳಗೆ ಇಳಿಯದಂತೆ ಹಿಡಿದದ್ದು ಹಗ್ಗ. ಗಾಡಿ ಎಳೆಯಲು ಸುಲಭವಾಗಲೆಂದು ದಿನ್ನೆಯ ಅಭ್ಯಾಸದಂತೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದೆ, ಅದರ ಇನ್ನೊಂದು ತುದಿ ಅತ್ತೆಯ ಗಾಡಿಗಿತ್ತು. ಅವಳು ಗಾಡಿಯನ್ನು ಅಡ್ಡ ಕೆಡವಿ, ಒಂದೇ ಕಾಲು ಊರಿ, ಮಲಗಿಕೊಂಡೇ ನನ್ನನ್ನು ಎಳೆದು ಮೇಲೆ ಹಾಕಿದಳು. ಇಬ್ಬರೂ ಗಡ್ಡೆಯ ಮೇಲೆ ಬಿದ್ದುಕೊಂಡು ಏದುಸಿರು ಬಿಟ್ಟೆವು.

"ನಿಮ್ಮ ತೆಂಕಲ ಹಗ್ಗಕ್ಕ ಬುದ್ಧಿ ಐತಿ," ಅಂದಳು. "ಇನ್ನ ಮ್ಯಾಲೆ ಹಾದಿ ನೋಡೂದು ಹಗ್ಗಾ ಕಟಗೊಂಡ. ನಮ್ಮ ಮಂದಿಗೆ ಇದು ಹೊಳಿಲೇ ಇಲ್ಲ." ಅಲ್ಲಿಂದ ಮುಂದೆ ಕೇರಿಯವರು ಬಲೆ ಬಿಡಲು ಹೋಗುವಾಗಲೂ ಇಬ್ಬಿಬ್ಬರು ಹಗ್ಗ ಕಟ್ಟಿಕೊಳ್ಳುತ್ತಾರೆ. ದಿನ್ನೆಯಲ್ಲಿ ಹಗ್ಗವನ್ನು ಗೂಟಕ್ಕೆ ಕಟ್ಟುತ್ತಿದ್ದೆವು. ಇಲ್ಲಿ ನಂಬುವಂಥ ಗೂಟ ಎಲ್ಲೂ ಇಲ್ಲ, ಹಾಗಾಗಿ ಮನುಷ್ಯನಿಗೇ ಕಟ್ಟಬೇಕಾಯಿತು.

ಅಗಳಿಯ ಮಾತನ್ನು ಅತ್ತೆ ಒಮ್ಮೆಯೂ ಎತ್ತಲಿಲ್ಲ. ಚಂಪವ್ವನಿಗೆ ನಾನೇ ಹೇಳಿದೆ. ಅವಳು ಅತ್ತಳು, ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ, "ಅವ್ವ ಸುಮ್ಮನಿದ್ದದ್ದು ನನ್ನ ಸಲುವಾಗಿ ಅಂತ ತಿಳಕೊಂಡಿಯೇನು? ನಿನ್ನ ಸಲುವಾಗಿನೂ ಹೌದು," ಅಂದಳು. ಮಗಳು ಹುಟ್ಟಿದಳು, ಗಡ್ಡೆಯ ಮೇಲೆಯೇ. ಅವಳ ತೊಟ್ಟಿಲು ತೂಗುತ್ತಾ ಒಂದು ದಿನ ಅತ್ತೆಗೆ, "ಅವತ್ತು ಬಾಗಿಲು..." ಎಂದು ಶುರುಮಾಡಿದೆ. "ಇವತ್ತಿನ ಹಾದಿ ಆತೇನು?" ಅಂದಳು. ಆಗಿದೆ ಅಂದೆ. "ಹಂಗಾರ ಉಣ್ಣು." ಅಷ್ಟೇ. ಅವಳ ಕಾಲು ನೆಟ್ಟಗೆ ಕೂಡಲೇ ಇಲ್ಲ. ಆ ಸೊಟ್ಟ ಕಾಲನ್ನು ದಿನಾ ಬೆಳಗ್ಗೆ ಎತ್ತಿ ಗಾಡಿಯಲ್ಲಿಟ್ಟು ಕಂಬಳಿ ಹೊದಿಸುತ್ತಿದ್ದೆ. ತಾಯಿಯನ್ನು ಕಂಡು ಅರಿಯದವನು ನಾನು. ಯಾರನ್ನಾದರೂ ಅಷ್ಟು ಹತ್ತಿರದಿಂದ ನೋಡಿಕೊಂಡದ್ದು ಅದೇ ಮೊದಲು.

ವರ್ಷ ಕಳೆದಂತೆ ನನ್ನ ಕಿವಿ ತೆರೆಯಿತು. ದಪ್ಪ ಗಡ್ಡೆಯ ಟಣ್ ಬೇರೆ, ಒಳಗೆ ಬಿರುಕಿರುವ ಟಣ್ ಬೇರೆ. ತೆಳು ಗಡ್ಡೆ ಹಸಿ ಗಡಿಗೆಯಂತೆ ಸದ್ದು ಮಾಡುತ್ತದೆ. ಎಂಟನೆಯ ವರ್ಷಕ್ಕೆ ಅತ್ತೆ ಗಾಡಿಯಲ್ಲಿ ಕೂತು ನಿದ್ದೆ ಮಾಡತೊಡಗಿದಳು. ನನಗೆ ಅದೇ ದೊಡ್ಡ ಶಹಬ್ಬಾಸ್. ಹನ್ನೊಂದನೆಯ ವರ್ಷ, "ಇನ್ನ ನಾ ಬರೂದಿಲ್ಲ. ಮಂದಿ ಕೂಡಿಸು," ಅಂದಳು.

ಹೊಸ ಹಾದಿಯವರನ್ನು ಒಪ್ಪುವ ಪದ್ಧತಿ ಸರಳವಾದದ್ದು. ಎಲ್ಲ ಮನೆಯವರೂ ತಮ್ಮ ಒಲೆಯಿಂದ ಒಂದು ಹಿಡಿ ಬೂದಿ ತಂದು ಅವರ ಬುಟ್ಟಿಗೆ ಹಾಕಬೇಕು. ಇಪ್ಪತ್ಮೂರೂ ಹಿಡಿ ಬೀಳಬೇಕು. ಒಂದು ಮನೆ ತಡೆದರೂ ಇಲ್ಲ. ತಿಪ್ಪಣ್ಣನ ಮನೆಯಲ್ಲಿ ಎಲ್ಲ ಸೇರಿದರು. ತಿಪ್ಪಣ್ಣನಿಗೆ ಆಗ ಎಪ್ಪತ್ತು ದಾಟಿತ್ತು. ಅವನ ಅಣ್ಣ ಹಿಂದಿನ ವರ್ಷ ದಡದ ಮೇಲೆಯೇ ತೀರಿಕೊಂಡಿದ್ದ. ನಾನು ಬುಟ್ಟಿಯ ಹಿಂದೆ ಕೋಲು ಹಿಡಿದು ನಿಂತೆ. ಅತ್ತೆ ಮೂಲೆಯಲ್ಲಿ ಕೂತು ಒಣಮೀನಿನ ಮುಳ್ಳು ಬಿಡಿಸುತ್ತಿದ್ದಳು. ಮೊದಲನೆಯವನು ಬೂದಿ ಹಿಡಿದು ಮುಂದೆ ಬಂದ.

ಆ ಹಿಡಿ ಬೂದಿ ನೋಡಿದ ಕೂಡಲೇ ನನ್ನಿಂದ ತಡೆಯಲಾಗಲಿಲ್ಲ. ಇವರು ತಮ್ಮ ಮಕ್ಕಳ ಕಾಲು ನನ್ನ ಗೆರೆಯ ಮೇಲೆ ಇಡಿಸುವವರು. "ಸ್ವಲ್ಪ ನಿಲ್ರಿ," ಅಂದೆ. "ಒಂದು ಮಾತು ಕೇಳಿ ಆಮ್ಯಾಲೆ ಹಾಕ್ರಿ. ಅವತ್ತು ಬಾಗಲಾ ಮಂಜಿಗೆ ಹಿಡಕೊಂಡಿರಲಿಲ್ಲ. ನಾ ಅಗಳಿ ಹಾಕಿದ್ದೆ. ಅತ್ತಿ ಬಡದರೂ ಗಾಳಿ ಅಂತ ಮಲಗಿದ್ದೆ. ಆಕಿ ಕಾಲು ಮುರದಿದ್ದು ನನ್ನಿಂದ. ಹನ್ನೊಂದು ವರ್ಷ ನಿಮ್ಮ ಬೂದಿ ತಗೊಂಡೀನಿ, ಹೇಳಿಲ್ಲ. ಕಟ್ಟಳೆ ಹೆಂಗೈತೋ ಹಂಗ ಮಾಡ್ರಿ. ನಾ ಇಳಿದು ಹೋಗತೀನಿ. ಅತ್ತಿಗೂ ಹೆಂಡತಿ ಮಗಳಿಗೂ ಏನೂ ಅನ್ನಬ್ಯಾಡ್ರಿ."

ಅತ್ತೆಯ ಕೈ ಮುಳ್ಳು ಬಿಡಿಸುತ್ತಲೇ ಇತ್ತು. ಚಂಪವ್ವ ಮಗಳ ಹೆಗಲು ಹಿಡಿದುಕೊಂಡಳು.

ತಿಪ್ಪಣ್ಣ ಗಂಟಲು ಸರಿಮಾಡಿಕೊಂಡ. "ಮುಗೀತೇನಪಾ ನಿಂದು?"

"ಮುಗೀತು."

"ಗಡ್ಡಿ ಮ್ಯಾಲೆ ಸೂಜಿ ಬಿದ್ದರ ಆ ತುದಿಗೆ ಕೇಳತೈತಿ. ನೀ ಅಗಳಿ ಕಿತ್ತು ಒಗದಿ. ಒಮ್ಮೆ ಬಿತ್ತು, ಮತ್ತ ಎರಡು ಸಲ ಪುಟೀತು. ಇಪ್ಪತ್ಮೂರೂ ಮನಿಯವರು ಕೇಳೇವಿ. ಮಂಜಿಗೆ ಹಿಡದ ಬಾಗಲಾ ಹಂಗ ಸಪ್ಪಳಾ ಮಾಡೂದಿಲ್ಲ."

ನಾನು ಒಬ್ಬೊಬ್ಬರ ಮುಖ ನೋಡಿದೆ. ಯಾರೂ ಬೆರಗಾಗಿರಲಿಲ್ಲ. ಕೆಲವರು ನೆಲ ನೋಡಿದರು, ಒಬ್ಬಿಬ್ಬರು ಸಣ್ಣಗೆ ನಕ್ಕರು.

"ನಮ್ಮ ಅಣ್ಣನ್ನ ಇಳಿಸಿದಿವಿ," ಅಂದ ತಿಪ್ಪಣ್ಣ. "ಕಟ್ಟಳೆ ಪ್ರಕಾರ ಸರಿನ ಇತ್ತು. ಆದರ ದಿನಾ ಸಂಜಿಕೆ ಅಂವ ದಡದ ಮ್ಯಾಲೆ ನಿಲ್ಲೂದು ನೋಡ್ಕೋತ ಉಂಡವರು ನಾವು. ಇನ್ನೊಬ್ಬನ್ನ ನಿಲ್ಲಿಸೂ ಶಕ್ತಿ ಈ ಕೇರಿಗೆ ಇರಲಿಲ್ಲ. ಬಾಳವ್ವ ಒಂದು ಸುಳ್ಳು ಹೇಳಿದಳು. ಅದನ್ನ ಎಲ್ಲಾರೂ ಕೂಡಿ ಹಿಡಕೊಂಡಿವಿ." ಅವನು ನನ್ನ ಕೈಯ ಕಡೆ ಗದ್ದ ತೋರಿಸಿದ. "ಈ ಕೇರಿಯಾಗ ಎಲ್ಲಾರ ಕೋಲೂ ಬಿದಿರಿಂದು. ಹನ್ನೊಂದು ವರ್ಷ ಸಾಗವಾನಿ ಹಿಡಕೊಂಡು ನಮ್ಮ ಬಾಗಲದ ಮುಂದ ತಿರುಗಿದಿ. ಅದಕ್ಕ ಮೊನಿ ಹಾಕಿದಾಂವ ನಾನ. ಅದು ಏನು ಅಂತ ನಾವು ತಿಳಕೊಂಡಿರಬೇಕು ಅಂದುಕೊಂಡಿದ್ದಿ?"

ಕೈಯಲ್ಲಿದ್ದ ಕೋಲು ನೋಡಿದೆ. ಅಪ್ಪನ ಕೈ ಆಡಿದ್ದ ನುಣುಪು ಇನ್ನೂ ಇತ್ತು, ಅದರ ಮೇಲೆ ನನ್ನ ಕೈಯ ನುಣುಪು ಕೂತಿತ್ತು. ಅದನ್ನು ಗೋಡೆಗೆ ಒರಗಿಸಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಗಂಡಸು ನಾನು, ಮಗಳ ಮುಂದೆ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಇಷ್ಟು ವರ್ಷ ಒಬ್ಬಳ ಋಣ ಹೊತ್ತುಕೊಂಡಿದ್ದೇನೆ ಎಂದು ತಿಳಿದಿದ್ದೆ. ಇಪ್ಪತ್ಮೂರು ಮನೆಯವರು ನನ್ನನ್ನು ಹೊತ್ತುಕೊಂಡಿದ್ದರು, ದಿನಾ ಬೆಳಗ್ಗೆ ಹಿಡಿ ಬೂದಿ ಕೊಡುತ್ತಾ, ಒಂದು ಮಾತೂ ಆಡದೆ. ನನ್ನನ್ನು ದಡಕ್ಕೆ ಹಾಕುವುದು ಅವರಿಗೆ ಒಂದು ಮಾತಿನ ಕೆಲಸವಾಗಿತ್ತು. ದಿನ್ನೆಯಲ್ಲಿ ನಾಲ್ಕು ತಲೆ ಎಣಿಸಿ ಬಾಗಿಲು ಹಾಕುತ್ತಿದ್ದವನಿಗೆ, ಎಣಿಸದೆ ಬಾಗಿಲು ತೆರೆದಿಡುವವರು ಸಿಕ್ಕಿದ್ದು ಯಾವ ಪುಣ್ಯವೋ ತಿಳಿಯದು.

ಅವರು ಕಾದರು. ನಾನು ಮೂಗು ಒರೆಸಿಕೊಂಡ ಮೇಲೆ ಮೊದಲನೆಯವನು ಬೂದಿ ಹಾಕಿದ. ಆಮೇಲೆ ಒಬ್ಬೊಬ್ಬರೇ. ಇಪ್ಪತ್ತೊಂದು ಬಿದ್ದವು. ಇಪ್ಪತ್ತೆರಡನೆಯದು ತಿಪ್ಪಣ್ಣನದು, ಅವನು ಎರಡು ಹಿಡಿ ಹಾಕಿದ, ಒಂದು ಅಣ್ಣನ ಹೆಸರಿನಲ್ಲಿ ಅಂದ. ಕೊನೆಯ ಹಿಡಿ ನಮ್ಮ ಮನೆಯದು. ಚಂಪವ್ವ ಏಳಲು ಹೋದಾಗ ಅತ್ತೆ ಬೇಡವೆಂದು ಕೈಮಾಡಿ, ತಾನೇ ಗೋಡೆ ಹಿಡಿದು ಸೊಟ್ಟ ಕಾಲು ಎಳೆದುಕೊಂಡು ಬಂದಳು. ಬೂದಿ ಹಾಕಿ ಕೈ ಕೊಡವಿದಳು, ಕೋಲನ್ನು ಗೋಡೆಯಿಂದ ತೆಗೆದು ನನ್ನ ಕೈಗೆ ಕೊಟ್ಟಳು.

"ನಾಳೆ ಗಾಳಿ ಬರೂ ಹಂಗ ಕಾಣತೈತಿ, ಸೋಮಾ," ಅಂದಳು. "ಲಗೂನ ಏಳು."